ಗಡ್ಡ ಬಿಟ್ಟ ವರ್ಷ

ಕ್ಷೌರದ ವಾರ ಬಂತೆಂದರೆ ಬೆಳಿಗ್ಗೆ ಬಚ್ಚಲೊಲೆಗೆ ಉರಿ ಹಾಕಿ, ಹಂಡೆಯ ನೀರು ಕಾಯುತ್ತಲೇ ಹಿತ್ತಾಳೆ ಬಟ್ಟಲಲ್ಲಿ ತುಂಬಿ ಜಗಲಿಯ ಮೇಲಿಡುತ್ತಿದ್ದೆ. ಕಿಟಕಿಯ ಸರಳಿಗೆ ಪುಟ್ಟ ಕನ್ನಡಿ ತೂಗುಹಾಕುತ್ತಿದ್ದೆ. ಮದುವೆಯಾಗಿ ಹಾನಗಲ್ಲಿಗೆ ಬಂದಾಗಿನಿಂದ ಇದ್ದ ರೂಢಿ. ಅಂದೂ ಹಾಗೇ ಇಟ್ಟೆ. ಇಟ್ಟ ಮೇಲೆ ನೆನಪಾಯಿತು, ನಮ್ಮ ಮನೆಯಲ್ಲಿ ಗಡ್ಡ ತೆಗೆಸುವವರು ಯಾರೂ ಉಳಿದಿರಲಿಲ್ಲ. ನೀರನ್ನು ಮಲ್ಲಿಗೆಯ ಬುಡಕ್ಕೆ ಚೆಲ್ಲಲು ಹೋದೆ. ಅತ್ತೆ ತಡೆದರು. "ಇರ್ಲಿ ಬಿಡವಾ. ಕ್ಷೌರದ ಹಡಪದವಗ ಹೇಳಿ ಕಳಿಸೇನಿ. ಇವತ್ತರೆ ನನ್ನ ಮಗ ತಗಸ್ಕೋತಾನ."

ನಮ್ಮವರು ವಕೀಲರು. ಮುಂಬೈಯ ಶಾಸನಸಭೆಗೆ ಈ ಭಾಗದಿಂದ ಆರಿಸಿ ಹೋಗಿದ್ದರು. ಮುಟ್ಟಬಾರದೆಂದು ಊರು ದೂರವಿಟ್ಟ ಕೇರಿಯ ಜನರಿಗೆ ಬಾವಿಯಲ್ಲಿ, ಚಹಾದಂಗಡಿಯಲ್ಲಿ, ಕ್ಷೌರಿಕನಲ್ಲಿ ಎಲ್ಲರಂತೆ ಹಕ್ಕಿರಬೇಕೆಂದು ಸಭೆಯಲ್ಲಿ ಮಾತಾಡಿದರು. ಆಗ ಎದುರಿನ ಸದಸ್ಯರೊಬ್ಬರು ಎದ್ದು, ನಿಮ್ಮ ಊರಿನ ಕ್ಷೌರಿಕ ಆ ಜನರ ಗಡ್ಡ ತೆಗೆಯುತ್ತಾನೆಯೇ ಎಂದು ಕೇಳಿದರಂತೆ. ಸಭೆ ನಕ್ಕಿತಂತೆ. ಹಾವೇರಿಯಲ್ಲಿ ರೈಲಿಳಿದು ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ಹೇಳಿದರು: ಕೇರಿಯವರ ಗಲ್ಲಕ್ಕೆ ತಾಗದ ಕತ್ತಿ ತಮ್ಮ ಗಲ್ಲಕ್ಕೂ ಬೇಡ.

ಊರಿಗೆ ಇದು ಒಳ್ಳೆ ತಮಾಷೆಯಾಯಿತು. ಮೊದಮೊದಲು ನಕ್ಕರು. ಆಮೇಲೆ ನಗು ನಿಂತಿತು. ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದ ಹಿರಿಯರು ಎದುರಿನ ಅಂಗಡಿಯಲ್ಲಿ ನಮ್ಮ ಬಾಗಿಲನ್ನೇ ನೋಡುತ್ತ ಕೂರತೊಡಗಿದರು. ಹಾಲಿನವಳು ಹಾಲನ್ನು ಮೇಲಿಂದ ಹೊಯ್ಯುತ್ತಿದ್ದಳು, ಪಾತ್ರೆಗೆ ಪಾತ್ರೆ ತಾಗದ ಹಾಗೆ. ನಾದಿನಿಗೆ ಗೊತ್ತುಮಾಡಿದ್ದ ಶಿಗ್ಗಾಂವಿಯ ಸಂಬಂಧ ಕಾರಣ ಹೇಳದೆ ಮುರಿದುಬಿತ್ತು.

ನಾನು ನೀರಿಟ್ಟ ಆ ದಿನ ಅವಳಿಗಾಗಿ ಬರುವವರಿದ್ದವರು ಹಿರೇಕೆರೂರಿನ ಕಡೆಯವರು. ಹುಡುಗ ಶಾಲೆಯ ಮಾಸ್ತರ. ಮದುವೆಯ ನಂತರವೂ ಓದಬಹುದು ಎಂದು ಅವನು ಹೇಳಿ ಕಳಿಸಿದ್ದನ್ನು ನಾದಿನಿ ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡಿದ್ದಳು. ಮಾತು ಗಟ್ಟಿ ಮಾಡಿ ಎಲೆಅಡಿಕೆ ಹಿಡಿಯುವುದಷ್ಟೇ ಬಾಕಿ. ಗಡ್ಡ ಬೆಳೆದ ಮುಖ ಎಂದರೆ ಸಾವಾದ ಮನೆಯ ಮುಖ, ಅದನ್ನು ಹೊತ್ತು ಅಣ್ಣನಾದವನು ತಂಗಿಯ ಶುಭಕಾರ್ಯಕ್ಕೆ ಕೂರುವುದುಂಟೇ ಎಂಬುದು ಅತ್ತೆಯ ಸಂಕಟ.

ಕ್ಷೌರದವನು ಬಂದು ಚರ್ಮದ ಚೀಲ ಬಿಚ್ಚಿದ. ಅದೇ ಹೊತ್ತಿಗೆ ಕೇರಿಯ ಹಿರಿಯನೊಬ್ಬ ಬಾವಿಯ ನೀರಿಗಾಗಿ ಕೊಟ್ಟ ಅರ್ಜಿ ಏನಾಯಿತೆಂದು ಕೇಳಲು ಬಂದು ಮೆಟ್ಟಿಲ ಕೆಳಗೆ ನಿಂತಿದ್ದ. ನಮ್ಮವರು ಅವನ ಕೈ ಹಿಡಿದು ಜಗಲಿಗೆ ಹತ್ತಿಸಿದರು.

"ಮದಲ ಇವಗ ಮಾಡು. ಆಮ್ಯಾಲ ನನಗ."

ಕ್ಷೌರದವನ ಕೈ ಚೀಲದೊಳಗೇ ಉಳಿಯಿತು. "ಧಣ್ಯಾರ, ನಿಮಗೇನ್ರಿ, ಮುಂಬೈಗೆ ಹೋಗ್ತೀರಿ. ಸುಗ್ಗ್ಯಾಗ ಊರು ನನಗ ಕಾಳು ಹಾಕಲಿಲ್ಲಂದ್ರ ಹುಡುಗರಿಗೆ ಏನ್ ಹಾಕ್ಲಿ?"

ಎದುರಿನ ಅಂಗಡಿಯಿಂದ ಕೂಗು ಬಂತು. "ವಕೀಲ್ರ, ಮುಂಬೈಯಾಗ ಬ್ಲೇಡ್ ಸಿಗಂಗಿಲ್ಲೇನ್ರಿ? ಊರಾಗ ಪಟ್ಟಿ ಹಾಕಿ ರೊಕ್ಕ ಕೂಡಿಸಿ ತರಸೋಣೇನು?" ಅಲ್ಲಿ ಕೂತವರೆಲ್ಲ ನಕ್ಕರು.

ಕೇರಿಯ ಹಿರಿಯ ಜಗಲಿಯಿಂದ ತಾನೇ ಇಳಿದ. "ಎಪ್ಪಾ, ನನ್ನ ಗಡ್ಡಕ್ಕ ತಂಗ್ಯಾರ ಲಗ್ನ ಕೆಡಿಸಬ್ಯಾಡ್ರಿ."

"ನಿನ್ನೊಬ್ಬನ ಗಡ್ಡದ ಮಾತಲ್ಲೋ ಇದು."

"ಗಡ್ಡ ನಂದೈತಿ, ಮಾತು ಹೆಂಗ ನಂದಲ್ಲರಿ? ನಾ ಕೇಳಾಕ ಬಂದದ್ದು ನೀರು." ಹೀಗೆಂದು ಅವನು ತಲೆಯ ವಸ್ತ್ರ ಸರಿಮಾಡಿಕೊಂಡು ಹೊರಟುಹೋದ. ಕ್ಷೌರದವನೂ ಚೀಲ ಕಟ್ಟಿದ. ಬಟ್ಟಲಿನ ನೀರು ಆರಿತ್ತು. ನಮ್ಮವರು ಕನ್ನಡಿಯ ಎದುರೇ ನಿಂತಿದ್ದರು, ಆದರೆ ಅದರಲ್ಲಿ ನೋಡುತ್ತಿರಲಿಲ್ಲ.

ಸಿಟ್ಟು ಬಂದಾಗ ಕೈಗೆ ಕೆಲಸ ಕೊಡು ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ನನಗೆ ಯಾರ ಮೇಲೆ ಸಿಟ್ಟೆಂದೇ ತಿಳಿಯಲಿಲ್ಲ. ತವರಿನಿಂದ ತಂದಿದ್ದ ನೀಲಿ ಅಂಚಿನ ಪಿಂಗಾಣಿ ಕಪ್ಪು-ಬಶಿಗಳನ್ನು ಕಪಾಟಿನಿಂದ ಇಳಿಸಿ ಒಂದೊಂದಾಗಿ ಒರೆಸಿದೆ.

ಬೀಗರು ಮಧ್ಯಾಹ್ನಕ್ಕೆ ಬಂದರು. ಹುಡುಗನ ಸೋದರಮಾವ ಚಾಪೆಯ ಮೇಲೆ ಕೂತವರೇ ನಮ್ಮವರ ಮುಖ ನೋಡಿದರು. "ಯಾರರೆ ತೀರಿಕೊಂಡಾರೇನ್ರಿ ಮನ್ಯಾಗ?"

"ಇಲ್ರಿ," ಎಂದು ನಮ್ಮವರು ಇದ್ದದ್ದನ್ನೆಲ್ಲ ಹೇಳಿದರು. ಸುಳ್ಳು ಹರಕೆಯೊಂದನ್ನು ಹೇಳಿ ದಾಟಿಸಬಹುದಿತ್ತು. ಅತ್ತೆ ಬಾಗಿಲ ಮರೆಯಿಂದ ಸನ್ನೆಗೆಂದು ಕೆಮ್ಮಿದರು. ನಮ್ಮವರು ಕೇಳಿಸಿಕೊಳ್ಳಲಿಲ್ಲ.

"ನಿಮ್ಮ ಕಾಯ್ದೆ ಮುಂಬೈಯಾಗ ಇರ್ಲಿ ವಕೀಲ್ರ. ನಾಳೆ ಲಗ್ನದಾಗ ನಮ್ಮ ಪಂಕ್ತಿಗೆ ಯಾರ್ಯಾರನ್ನ ತಂದು ಕುಂಡ್ರಸ್ತೀರೋ ಯಾಂವ ಬಲ್ಲ!"

"ನಿಮ್ಮ ಹೊಲ ಬಿತ್ತಿದವ್ರನ್ನ ಕುಂಡ್ರಸ್ತೇನಿ."

ನಾನು ಚಹಾದ ಕಪ್ಪುಗಳನ್ನು ಅವರ ಮುಂದಿಟ್ಟಿದ್ದೆ. ಯಾರೂ ಮುಟ್ಟಲಿಲ್ಲ. "ತಿಳಿಸ್ತೇವಿ" ಎಂದು ಎದ್ದರು. ಹುಡುಗನ ತಾಯಿ ಹಣೆಗೆ ಕುಂಕುಮ ಹಚ್ಚಿಸಿಕೊಳ್ಳುವುದಕ್ಕೂ ನಿಲ್ಲಲಿಲ್ಲ. ಕಪ್ಪುಗಳ ಮೇಲೆ ಕೆನೆ ಕಟ್ಟಿತ್ತು.

ಒಳಗೆ ನಾದಿನಿ ಇಳಕಲ್ ಸೀರೆ ಉಟ್ಟುಕೊಂಡೇ, ಬೀಗರಿಗೆಂದು ಕಟ್ಟಿದ್ದ ಉಂಡಿಗಳನ್ನು ತಿನ್ನುತ್ತಿದ್ದಳು. ಒಂದು ಮುಗಿದೊಡನೆ ಇನ್ನೊಂದು. ನಮ್ಮವರು ಬಾಗಿಲಲ್ಲಿ ಬಂದು ನಿಂತರು.

"ಹೇಳವಾ. ಈಗ ತಗಸ್ಕೋ ಅಂದ್ರ ತಗಸ್ಕೋತೇನಿ."

"ಮುಂಜಾನೆ ಕೇಳಬೇಕಿತ್ತಣ್ಣಾ," ಎಂದಳು ಬಾಯಿ ತುಂಬ ಉಂಡಿ ಇಟ್ಟುಕೊಂಡು. "ಈಗ ತಗಸಿದ್ರ ನನಗೇನು ಬಂತು? ಇರ್ಲಿ ಬಿಡು. ಅದರಿಂದ ಒಬ್ಬರಿಗರೆ ಉಪಯೋಗ ಆಗಲಿ."

ಅತ್ತೆ ಅಂದು ಮಗನಿಗೆ ಬಡಿಸಲಿಲ್ಲ, ನಾನೇ ಬಡಿಸಿದೆ. ಗಡ್ಡಕ್ಕೆ ಅಂಟಿದ ಅನ್ನದ ಅಗುಳನ್ನು ತೋರಿಸಲು ನನಗೂ ಮನಸ್ಸಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಕಾಳಿನ ವ್ಯಾಪಾರಿಯ ಹೆಂಡತಿ ಮೊಸರಿನ ಹೆಪ್ಪಿಗೆಂದು ಗಿಂಡಿ ಹಿಡಿದು ಹಿತ್ತಲ ಬಾಗಿಲಿಗೆ ಬಂದರು. ಊರು ದೂರವಾದರೂ ಅವರಿಗೆ ನಮ್ಮ ಹೆಪ್ಪು ಬೇಕಾಗಿತ್ತು. ಹಾಕಿಕೊಟ್ಟೆ.

"ಹಿರೇಕೆರೂರಿನವ್ರು ಹೋಗೂಮುಂದ ನಮ್ಮನ್ಯಾಗ ಚಾ ಕುಡದ ಹೋದ್ರರಿ," ಎಂದರು, ಗಿಂಡಿಯೊಳಗೆ ಇಣುಕುತ್ತ. "ನಮ್ಮ ಅಣ್ಣನ ಮಗಳನ್ನ ನೋಡಾಕ ಶುಕ್ರವಾರ ನಮ್ಮನಿಗೇ ಬರ್ತಾರಂತ."

ಹೊಸ್ತಿಲು ದಾಟಿದವರು ಹೊರಳಿ ನಿಂತರು. ಹಿತ್ತಲ ಕಟ್ಟೆಯ ಮೇಲೆ ನಾನು ತೊಳೆದು ಬೋರಲು ಹಾಕಿದ್ದ ಕಪ್ಪುಗಳು ಕಂಡವು.

"ಅವನ್ನ ಒಳಗ ಎತ್ತಿಡಬ್ಯಾಡ್ರಿ ಅಕ್ಕಾರ. ಶುಕ್ರವಾರ ನಮಗ ಬೇಕಾಗತಾವ."