ನಾವು ತೊಳೆದ ಅಡುಗೆಮನೆ

ಎಂ.ಎ. ಎರಡನೆಯ ವರ್ಷದ ಸೆಮಿನಾರಿಗೆ ನಾನು ಆರಿಸಿಕೊಂಡದ್ದು ಒಂದು ಹಳೆಯ ಪತ್ತೇದಾರಿ ಕಾದಂಬರಿಯನ್ನು. ಜಗತ್ತೆಲ್ಲ ಬಲ್ಲ ಒಬ್ಬ ಪತ್ತೇದಾರ ಮೊತ್ತಮೊದಲು ಕಾಣಿಸಿಕೊಂಡದ್ದು ಅದರಲ್ಲಿಯೇ. ಒಂದು ಖಾಲಿ ಮನೆ, ನೆಲದ ಮೇಲೊಂದು ಹೆಣ. ಅವನು ಬಂದು ಮಂಡಿಯೂರಿ, ಧೂಳನ್ನೂ ಹೆಜ್ಜೆಗಳನ್ನೂ ಓದಿ, ಕೊಂದವನು ಎಂಥವನೆಂದು ಹೇಳಿಬಿಡುತ್ತಾನೆ. ಸತ್ತವನಿಗಾಗಿ ಆ ಕೋಣೆಯಲ್ಲಿ ಯಾರೂ ಅಳುವುದಿಲ್ಲ ಎಂಬುದು ನನ್ನ ಪ್ರಬಂಧದ ತಕರಾರು. ಬಹಳ ಜಾಣ ತಕರಾರು ಎಂದುಕೊಂಡಿದ್ದೆ.

ಮೈಸೂರಿನ ಕೆಸರೆಯ ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆಚೆ ಇದ್ದವರು ಹೆಬ್ಬಾಳದ ಗಾರ್ಮೆಂಟ್ಸ್‌ಗೆ ಹೊಲಿಗೆಗೆ ಹೋಗುತ್ತಿದ್ದ ಒಬ್ಬ ಅಕ್ಕ ಮತ್ತು ಗೂಡ್ಸ್ ಆಟೋ ಓಡಿಸುತ್ತಿದ್ದ ಆಕೆಯ ಗಂಡ. ಅವನು ಆಕೆಯ ತಲೆಯನ್ನು ಆ ಗೋಡೆಗೆ ಗುದ್ದಿದಾಗಲೆಲ್ಲ ನಮ್ಮ ಸ್ಟ್ಯಾಂಡಿನ ಲೋಟಗಳು ಅದುರುತ್ತಿದ್ದವು. ಮೂರು ವರ್ಷ ಅದುರಿದವು. ಅಮ್ಮ ಟಿ.ವಿ.ಯ ಸದ್ದು ಹೆಚ್ಚಿಸುತ್ತಿದ್ದಳು, ನಾನು ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ. ಮರುದಿನ ಫ್ಯಾಕ್ಟರಿ ಬಸ್ಸಿಗೆ ಹೊರಟ ಅಕ್ಕನ ತುಟಿ ಊದಿಕೊಂಡಿರುತ್ತಿತ್ತು. "ಬಾಗ್ಲು ಬಡೀತು ಕಣಮ್ಮ" ಎನ್ನುತ್ತಿದ್ದಳು. ಒಂದೇ ಬಾಗಿಲು ವಾರಕ್ಕೆರಡು ಸಲ ಹೇಗೆ ಬಡಿಯುತ್ತದೆಂದು ಆ ಬೀದಿಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಜಗಲಿಯಲ್ಲಿ ಕೂತು ಕಾದಂಬರಿಗೆ ಟಿಪ್ಪಣಿ ಬರೆಯುತ್ತಿದ್ದೆ. ಗೋಡೆ ಅದುರಿತು. ಮತ್ತೆ ಅದುರಿತು. ಪಾತ್ರೆಗಳು ಉರುಳಿದವು. "ಬುಟ್ಬುಡಿ, ನಿಮ್ ಕಾಲಿಗ್ ಬೀಳ್ತೀನಿ, ಬುಟ್ಬುಡಿ" ಎಂದು ಅಕ್ಕ ಕಿರುಚಿದಳು. ಆಮೇಲೆ ಕಲ್ಲಿಗೆ ಹಸಿ ತೆಂಗಿನಕಾಯಿ ಒಡೆದಂಥ ಒಂದು ಸದ್ದು. ಆಮೇಲೆ ಏನೂ ಇಲ್ಲ.

ಅವನು ಆಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಬಂದ. ಮುಖದ ಒಂದು ಪಕ್ಕ ಒಳಕ್ಕೆ ಕುಸಿದಿತ್ತು. ಜಡೆಯ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆಟೋದ ಸರಕು ತುಂಬುವ ಜಾಗದಲ್ಲಿ ಆಕೆಯನ್ನು ಮಲಗಿಸಿ, ಬಾಗಿಲಿಗೆ ಬಂದವರಿಗೆಲ್ಲ "ಬಚ್ಚಲಲ್ಲಿ ಜಾರ್ಬಿದ್ಲು" ಎಂದು ಹೇಳಿ ಆಸ್ಪತ್ರೆಗೆ ಹೊರಟ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ಒಂದು ಗಂಟೆಯ ನಂತರ ಎದುರು ಮನೆಯಲ್ಲಿದ್ದ ಅವನ ಅಕ್ಕನಿಗೆ ಫೋನ್ ಬಂತು: ದಾರಿಯಲ್ಲೇ ಪ್ರಾಣ ಹೋಗಿದೆ.

ನಮ್ಮ ಬೀದಿಯಲ್ಲಿ ಸಾವಾದ ಮನೆಯವರು ಕೆಲಸ ಮುಟ್ಟುವುದಿಲ್ಲ. ಹೆಣ ಬರುವುದರೊಳಗೆ ನೆರೆಯ ಹೆಂಗಸರೇ ಸೇರಿ ಮನೆ ತೊಳೆದು, ಒಲೆ ಆರಿಸಿ, ಮಲಗಿಸಲು ಜಾಗ ಮಾಡಿಕೊಡಬೇಕು. ಮನುಷ್ಯರು ಮನುಷ್ಯರಿಗೆ ಮಾಡಬಹುದಾದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದೆಂದು ನಂಬಿ ಬೆಳೆದವಳು ನಾನು. ಹನ್ನೊಂದು ಜನ ಸೇರಿದೆವು. ಅವನ ಅಕ್ಕ ನನ್ನನ್ನು ಗದರಿಸಿದಳು: "ಪುಸ್ತಕ ಎತ್ತಿಟ್ಟು ಕೊಡ ಹಿಡ್ಕೊಳೇ. ನಿನ್ ಪುಸ್ತಕ ಬಂದು ನೆಲ ತೊಳೀತದಾ?"

ಒಳಗೆ ಹೋದವಳಿಗೆ ಎಲ್ಲವೂ ಕಂಡಿತು. ಬಚ್ಚಲಿನ ನೆಲ ಒಣಗಿತ್ತು. ಸೋಪು ಒಣಗಿ ಬಿರಿದಿತ್ತು. ರಕ್ತವಿದ್ದುದು ಅಡುಗೆಮನೆಯಲ್ಲಿ. ಗೋಡೆಯ ಮೇಲೆ ನನ್ನ ಗಲ್ಲದ ಎತ್ತರಕ್ಕೊಂದು ಕಲೆ, ಅದರ ಕೆಳಗೊಂದು, ಅಲ್ಲಿಂದ ನೆಲದವರೆಗೆ ಜಾರಿದ ಗೆರೆ. ಹಸಿರು ಬಳೆಯ ಚೂರುಗಳು ಬಾಗಿಲವರೆಗೆ ಚೆಲ್ಲಿದ್ದವು. ಆಕೆ ಓಡಲು ನೋಡಿದ್ದಳು. ಬೀರುವಿನ ಹಿಡಿಗೆ ಕೂದಲಿನ ಎಳೆಗಳು ಚರ್ಮದ ಸಮೇತ ಅಂಟಿದ್ದವು. ಎಲ್ಲ ಒಣಗಿದ್ದ ಮೂಲೆಯಲ್ಲಿ ಗುಂಡುಕಲ್ಲೊಂದೇ ಒದ್ದೆಯಾಗಿತ್ತು. ಅದನ್ನು ಅವನು ಆಗಲೇ ತೊಳೆದಿಟ್ಟಿದ್ದ. ಇಲ್ಲಿ ಮೊದಲ ಏಟು, ಇಲ್ಲಿ ಎರಡನೆಯದು, ಇಲ್ಲಿಂದ ಆಕೆಯನ್ನು ಎಳೆದು ತಂದಿದ್ದಾನೆ, ಕಲ್ಲೆತ್ತಿದ್ದು ಇಲ್ಲಿ. ಸಾಲುಸಾಲಾಗಿ ಓದಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು: ಓದಲು ಬಂತೆಂದು ನನಗೆ ಒಂದು ಕ್ಷಣ ಖುಷಿಯಾಯಿತು.

ಆ ಖುಷಿ ಆರುವ ಮೊದಲೇ ಕೊಡ ಬಗ್ಗಿಸಿದೆ.

ಯಾಕೆ ಎಂದು ಕೇಳುವ ಹಕ್ಕು ಓದುವವರಿಗಿದೆ. ನನ್ನ ಕಾದಂಬರಿಯ ಲೋಕದಲ್ಲಿ ಪತ್ತೇದಾರ ಬರುವವರೆಗೆ ಹೆಣವೂ ಕಲೆಯೂ ಕಾಯುತ್ತವೆ. ನಮ್ಮಲ್ಲಿ ಹಾಗೆ ಕಾಯಿಸುವುದು ಸತ್ತವರಿಗೆ ಅನಾದರ. ಹತ್ತು ಹೆಂಗಸರು ಸೆರಗು ಸಿಕ್ಕಿಸಿ ನಿಂತಿದ್ದರು. ತಡೆದರೆ ಸತ್ತವಳಿಗೆ ಅವಮಾನ ಮಾಡಿದಂತೆ ಎಂದುಕೊಂಡೆ. ಆಕೆ ಬದುಕಿದ್ದಾಗ ಮೂರು ವರ್ಷ ನಾವು ಮಾಡಿದ್ದು ಏನೆಂದು ಯಾರಿಗೂ ಹೊಳೆಯಲಿಲ್ಲ. ಅಮ್ಮ ಕಸಬರಿಕೆಯಿಂದ ಕೆಂಪು ನೀರನ್ನು ಮೋರಿಗೆ ತಳ್ಳಿದಳು. ಬೀರುವಿನ ಹಿಡಿಯಿಂದ ಕೂದಲನ್ನು ನಾನೇ ಬೆರಳಿನಿಂದ ಬಿಡಿಸಿದೆ.

ಎರಡು ಗಂಟೆಗೆ ಸಬ್‌ಇನ್‌ಸ್ಪೆಕ್ಟರ್ ಬಂದರು. ಜೊತೆಗೊಬ್ಬ ಕಾನ್‌ಸ್ಟೆಬಲ್, ಅಂಗಿ ಬದಲಿಸಿದ್ದ ಗಂಡ.

"ಮನೆ ಯಾಕ್ರಮ್ಮ ತೊಳೆದ್ರಿ?"

"ಪದ್ಧತಿ ಸಾರ್" ಎಂದಳು ಗಂಡನ ಅಕ್ಕ.

ಅವರು ಬಚ್ಚಲು ನೋಡಿದರು, ಒದ್ದೆಯಾಗಿತ್ತು. ಮನೆಯೆಲ್ಲ ಒದ್ದೆಯಾಗಿತ್ತು. ಕಾಗದದ ಮೇಲೆ ಏನೋ ಗೀಚತೊಡಗಿದರು. ಅಷ್ಟರಲ್ಲಿ ಟಿ. ನರಸೀಪುರದ ಕಡೆಯ ಹಳ್ಳಿಯಿಂದ ಅಕ್ಕನ ತಾಯಿ ಬಂದಿಳಿದರು. ಗದ್ದೆಯಿಂದಲೇ ಹೊರಟುಬಂದವರ ಕಾಲಲ್ಲಿ ಕೆಸರಿತ್ತು. ಅವರು ಅಳಲಿಲ್ಲ. "ನನ್ ಮಗ್ಳು ಎಲ್ ಬಿದ್ಲು, ತೋರ್ಸಿ" ಎಂದರು.

ಬಚ್ಚಲನ್ನು ತೋರಿಸಿದರು. ತಾಯಿ ಬಗ್ಗಿ ಅಲ್ಲಿಯ ಹಾಸುಗಲ್ಲನ್ನು ಸವರಿ, ನಮ್ಮ ಮುಖಗಳನ್ನೆಲ್ಲ ನೋಡಿ, ನನ್ನ ಹತ್ತಿರ ನಿಂತರು. "ನೀನು ಓದ್ದೋಳಂತೆ ಕೂಸೇ. ಇವ್ರು ಜಾರ್ಬಿದ್ಲು ಅಂತ ಬರ್ಕಂಡ್ರೆ ನನ್ ಮಗ್ಳು ಅಂಗೇ ಹೋಯ್ತಾಳೆ. ನೀನ್ ಹೇಳು."

"ಅಡುಗೆಮನೇಲಿ" ಎಂದೆ. "ಗುಂಡುಕಲ್ಲಿಂದ ಹೊಡೆದಿದ್ದಾನೆ. ಗೋಡೆ ಮೇಲೆ ರಕ್ತ ಇತ್ತು, ನಾನು ನೋಡಿದೆ."

ಸಬ್‌ಇನ್‌ಸ್ಪೆಕ್ಟರ್ ಪೆನ್ನು ಎತ್ತಿ ನಕ್ಕರು. "ಏನಮ್ಮ, ಪತ್ತೇದಾರಿ ಕಾದಂಬರಿ ಜಾಸ್ತಿ ಓದ್ತೀಯಾ?"

ಉತ್ತರಿಸಲು ನನಗೆ ಬಿಡುವಾಗಲಿಲ್ಲ. ಗಂಡ ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ಹಲ್ಲು ತುಟಿಯನ್ನು ಸೀಳಿತು, ಬಾಯಿ ತುಂಬ ಉಪ್ಪಾಯಿತು. ಮೂರು ವರ್ಷ ಆಚೆಯಿಂದ ಕೇಳಿದ್ದ ಸದ್ದನ್ನು ಆಗ ಮೊದಲ ಬಾರಿಗೆ ತಲೆಯ ಒಳಗಿನಿಂದ ಕೇಳಿದೆ. ಕಾನ್‌ಸ್ಟೆಬಲ್ ಅವನನ್ನು ನೆಲಕ್ಕೆ ಕೆಡವಿ ಬೆನ್ನಿನ ಮೇಲೆ ಮಂಡಿಯೂರಿದ. "ಅವ್ಳಿಗ್ ಆಗಿದ್ದೇ ನಿನ್ಗೂ ಆಯ್ತದೆ!" ಎಂದು ಅವನು ಬಿದ್ದಲ್ಲಿಂದಲೇ ಅರಚಿದ. ಸಬ್‌ಇನ್‌ಸ್ಪೆಕ್ಟರ್ ನಗುವುದನ್ನು ನಿಲ್ಲಿಸಿದರು.

ಠಾಣೆಯಲ್ಲಿ ಅವರ ಮಾತಿನ ಧಾಟಿ ಬದಲಾಗಿತ್ತು. ದೂರು ಬರೆಯಲು ಹಾಳೆ ಕೊಟ್ಟು ಹೇಳಿದರು: "ನೋಡಿದ್ದು ಬರೀಮ್ಮ. ತೊಳೆದಿದ್ದು ಬೇಡ. ಸಾಕ್ಷ್ಯ ನಾಶ ಮಾಡಿದ್ರಿ ಅಂತ ನಿಮ್ ತಲೆಗೇ ಬರುತ್ತೆ."

ಪಕ್ಕದಲ್ಲಿದ್ದ ಅಮ್ಮ ನನ್ನ ಮೊಣಕೈ ಹಿಡಿದಳು. "ಬುಡು ಕಣೇ. ಅವ್ರೇ ಬೇಡ ಅಂತಾವ್ರೆ. ನಾಳೆ ಆ ಬೀದೀಲಿ ನಾವು ತಲೆಯೆತ್ತಿ ಓಡಾಡಬೇಕಲ್ವಾ?"

ಬೆಂಚಿನ ಮೇಲೆ ಅಕ್ಕನ ತಾಯಿ ಕೂತಿದ್ದರು. ತೊಳೆದೆವೆಂಬ ಸಾಲನ್ನು ಬಿಟ್ಟರೆ ಆಗುವುದಿಷ್ಟೇ: ನಾಳೆ ಅವನ ವಕೀಲ ಎದ್ದು ರಕ್ತ ಎಲ್ಲಿ ಎಂದು ಕೇಳುತ್ತಾನೆ, ಶುಭ್ರವಾದ ನೆಲ ಅವನ ಪರವಾಗಿ ಸಾಕ್ಷಿ ಹೇಳುತ್ತದೆ. ರಕ್ತ ಅಲ್ಲಿತ್ತು ಎನ್ನಲು ಈಗ ಉಳಿದಿದ್ದವರು ಅದನ್ನು ತೊಳೆದವರು ಮಾತ್ರ. ಕೊಂದವನು ಉತ್ತರ ಕೊಡಲೇಬೇಕು. ಆದರೆ ಅವನನ್ನು ಪ್ರಶ್ನಿಸುವ ದಾರಿ ನಮ್ಮನ್ನು ದಾಟಿಯೇ ಹೋಗಬೇಕಿತ್ತು.

ಬರೆದೆ. ಗೋಡೆಯ ಕಲೆಗಳು ಎಷ್ಟು ಎತ್ತರದಲ್ಲಿದ್ದವು, ಬಳೆಚೂರು ಎಲ್ಲಿಯವರೆಗೆ ಬಿದ್ದಿದ್ದವು, ಕಲ್ಲು ಯಾಕೆ ಒದ್ದೆಯಾಗಿತ್ತು. ಅದರ ಕೆಳಗೆ, ಇವನ್ನೆಲ್ಲ ನೀರು ಹಾಕಿ ತೊಳೆದವರು ಎಂದು ಬರೆದು ಹನ್ನೊಂದು ಹೆಸರುಗಳನ್ನು ಸೇರಿಸಿದೆ. ಮೊದಲನೆಯದು ನನ್ನದು. ಎರಡನೆಯದು ಅಮ್ಮನದು. ಅದನ್ನು ಬರೆಯುವಾಗ ಅವಳು ನನ್ನ ಮೊಣಕೈಯನ್ನು ಬಿಟ್ಟಳು.