ಉಪ್ಪು ಹಾಕದ ಪಾನಕ

ನಮ್ಮ ಅಜ್ಜಿಯ ಲೆಕ್ಕದಲ್ಲಿ ಮಹಾರಾಜರ ಸೀಮೆಯ ಗಡಿಕಲ್ಲು ದಾಟಿದರೆ ಪರದೇಶ. ಹೈಸ್ಕೂಲು ಓದಲು ನಾನು ಧರ್ಮಪುರಿಯ ಸೋದರಮಾವನ ಮನೆಗೆ ಹೊರಟಾಗ, ಹಡಗು ಹತ್ತುವವನನ್ನು ಕಳಿಸಿಕೊಡುವ ಹಾಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಕುಂಪಣಿ ಸೀಮೆಯ ನೀರನ್ನು ನಂಬಬೇಡ, ಕಾಯಿಸಿ ಕುಡಿ ಎಂದಿದ್ದಳು. ಹೋಗಿ ನೋಡಿದರೆ ನೀರೂ ನಮ್ಮಂಥದೇ, ಮಾತೂ ಅರ್ಧ ನಮ್ಮದೇ. ಉಳಿದರ್ಧ ತಮಿಳನ್ನು ನಾನು ಆರು ತಿಂಗಳಲ್ಲಿ ಕಲಿತೆ. ಮೊದಲು ಕಲಿತದ್ದು ಬೈಗುಳ. ಕಲಿಸಿದವರು ನನ್ನ ಗೆಳೆಯರೇ.

ಮಾವನ ಹಿತ್ತಲ ಕೋಣೆಯಲ್ಲಿ ನಾವು ಮೂವರು. ಒಬ್ಬ ಎಡಪ್ಪಾಡಿಯ ನೇಕಾರರ ಮಗ, ಮನೆಮಾತು ಕನ್ನಡ, ಮಾತು ಕಡಿಮೆ. ಇನ್ನೊಬ್ಬ ಪಾಪಿರೆಡ್ಡಿಪಟ್ಟಿಯ ರೈತರ ಮಗ. ಅವನದೂ ಕನ್ನಡವೇ, ಆದರೆ ಎಡಪ್ಪಾಡಿಯವನು ಆಡದೆ ಉಳಿಸಿದ ಮಾತನ್ನೆಲ್ಲ ಇವನು ಖರ್ಚು ಮಾಡುತ್ತಿದ್ದ. ಊರಿನ ಹೆಸರಲ್ಲೇ ಕರೆದುಕೊಳ್ಳುತ್ತಿದ್ದೆವು. ನಾನು ಮೈಸೂರು, ಅವನು ಎಡಪ್ಪಾಡಿ. ಪಾಪಿರೆಡ್ಡಿಪಟ್ಟಿ ಎಂದು ಪೂರ್ತಿ ಕೂಗುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದುಬಿಡುತ್ತದೆಂದು ಇವನು ಬರೀ ಪಟ್ಟಿ.

ಒಂದು ಸಲ ಎಡಪ್ಪಾಡಿಯ ಅಪ್ಪ ಮಂಡಕ್ಕಿ ಗಂಟಿನೊಂದಿಗೆ ಬಂದು, ಸೇಲಂನಲ್ಲಿ ಮಗನಿಗೆ ಹೆಣ್ಣು ನೋಡಿದ್ದಾಗಿ ಹೇಳಿ ಹೋದರು. ಹೆಣ್ಣಿನ ರೂಪದ ಬಗ್ಗೆ ಅವರು ಹೇಳಿದ್ದು ಎರಡು ಮಾತು, ತಮ್ಮ ಹಸಿವಿನ ಬಗ್ಗೆ ಇಪ್ಪತ್ತು. ತಾಂಬೂಲ ಬದಲಾಗುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಪ್ಪು ಮುಟ್ಟುವಂತಿಲ್ಲ. ಉಪ್ಪು ತಿಂದ ಮೇಲೆ ಬೇಡ ಎನ್ನಲು ಬಾಯಿ ಬರುವುದಿಲ್ಲ ಎಂದು ಹಿರಿಯರು ಮಾಡಿಟ್ಟ ಕಟ್ಟಲೆ. ಒಳಗೆ ಹುರುಳಿ ಸಾರು ಕುದಿಯುವ ವಾಸನೆ ಹೀರಿಕೊಂಡು, ಬರೀ ಬೆಲ್ಲದ ಪಾನಕ ಕುಡಿದು, ಬಸ್ಸು ಓಮಲೂರು ದಾಟುವವರೆಗೂ ಅವರು ಆ ಸಾರನ್ನೇ ನೆನೆದರಂತೆ. ಎದ್ದು ಹೋಗುವಾಗ ಮರೆತಿದ್ದನ್ನು ನೆನೆಸಿಕೊಂಡವರ ಹಾಗೆ ಇನ್ನೊಂದು ಮಾತು ಸೇರಿಸಿದರು. ಹುಡುಗಿ ಬಾಗಿಲ ಹಿಂದಿನಿಂದ ಒಂದು ಪ್ರಶ್ನೆ ಕೇಳಿದ್ದಳು: "ಓದ್ದೋನು ಮಗ್ಗದ ಗುಂಡಿಗೆ ಇಳೀತಾನಾ?" ನೇಕಾರ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿ ಅದು. ಹಿರಿಯರೆಲ್ಲ ನಕ್ಕರಂತೆ. ಉತ್ತರವನ್ನು ಯಾರೂ ಕೊಡಲಿಲ್ಲವಂತೆ.

ಆ ಪ್ರಶ್ನೆ ನಮ್ಮ ಎಡಪ್ಪಾಡಿಯ ಎದೆಗೆ ನಾಟಿತು. ಅನ್ನ ಕಲಸಿ ಹಾಗೇ ಕೂತಿರುತ್ತಿದ್ದ. ಕೊನೆಗೊಂದು ದಿನ ತಲೆ ಎತ್ತಿ, "ಅವಳನ್ನ ಒಂದ್ಸಲ ನೋಡ್ಬೇಕು ಲಾ," ಎಂದ. ನೋಡಬೇಕು ಎಂದರೆ ಸಾಮಾನ್ಯ ಮಾತೇ? ಗಂಡು ಕದ್ದು ನೋಡಲು ಬಂದಿದ್ದ ಎಂದು ಸೇಲಂನವರಿಗೆ ಗೊತ್ತಾದರೆ ಸಂಬಂಧ ಮುರಿದಂತೆಯೇ, ಅಪ್ಪನಿಗೆ ಬೀದಿಯಲ್ಲಿ ತಲೆ ಎತ್ತಲಾಗದು. ಇಷ್ಟನ್ನೂ ಅವನೇ ನಮಗೆ ವಿವರಿಸಿದ. ವಿವರಿಸಿ, ಶನಿವಾರ ಹೊರಡೋಣವೇ ಎಂದು ಕೇಳಿದ.

ಶನಿವಾರ ಮೂವರೂ ಚಿಕ್ಕ ರೈಲು ಹತ್ತಿದೆವು. ಮೊರಪ್ಪೂರಿನವರೆಗೆ ಆ ಆಟಿಕೆ ರೈಲು, ಅಲ್ಲಿಂದ ಸೇಲಂಗೆ ದೊಡ್ಡ ರೈಲು. ಬೆಲ್ಲದ ಗಾಡಿಯ ಜೊತೆ ಒಮ್ಮೆ ಸೇಲಂಗೆ ಹೋಗಿದ್ದ ಪಟ್ಟಿ ದಾರಿಯುದ್ದಕ್ಕೂ ನಮಗೆ ಆ ಊರನ್ನು ಪರಿಚಯಿಸಿದ. ಇಳಿದ ಮೇಲೆ ತಿಳಿಯಿತು, ಅವನು ಬೆಲ್ಲದ ಮಂಡಿ ಬಿಟ್ಟು ಬೇರೇನೂ ನೋಡಿರಲಿಲ್ಲ. ನಮಗೇನು, ಎಲ್ಲವೂ ಚೆಂದ. ಗೋಲಿ ಸೋಡಾ ಕುಡಿದು ಪಟ್ಟಿ ಬೀದಿಯ ತುದಿಯವರೆಗೂ ತೇಗಿದ. ಕರೆಂಟು ದೀಪದ ಕಂಬವನ್ನು ಮುಟ್ಟಿದರೆ ಜುಮ್ಮೆನ್ನುತ್ತದೆಂದು ನಾನು ನಂಬಿಸಿ, ಆಮೇಲೆ ನಾನೇ ಮುಟ್ಟಲು ಹೆದರಿದೆ. ಸಂಜೆ ಟಾಕಿ ನೋಡಿದೆವು. ಪರದೆಯ ಮೇಲಿನ ರಾಜ ಹಾಡತೊಡಗಿದಾಗ ಪಕ್ಕದ ಅಜ್ಜ ಎದ್ದು ನಿಂತು ಕೈಮುಗಿದ. ಅವನನ್ನು ನೋಡಿ ಪಟ್ಟಿ, ಪಟ್ಟಿಯನ್ನು ನೋಡಿ ನಾವು. ಹಿಂದಿನವರು ಕೂರಿರೋ ಎಂದು ಕೂಗುವವರೆಗೂ ನಿಂತೇ ಇದ್ದೆವು. ಎಡಪ್ಪಾಡಿ ಮಾತ್ರ ಟಾಕಿಯನ್ನು ನೋಡಿದನೋ ಇಲ್ಲವೋ, ಹೇಳಲಾರೆ. ಛತ್ರದ ಜಗಲಿಯಲ್ಲಿ ಮಲಗಿದೆವು.

ಭಾನುವಾರದ ಯೋಜನೆ ಪಟ್ಟಿಯದು. ನಾವು ಮೈಸೂರಿನ ಅಣ್ಣತಮ್ಮಂದಿರು, ಊರು ನೋಡಲು ಬಂದವರು. ಆ ಮನೆಯ ಮುಂದೆ ಬಾಯಾರಿಕೆ ಎಂದು ನಿಲ್ಲುವುದು, ಹುಡುಗಿ ನೀರು ತರುವಳು, ನೋಡಿ ಹೊರಟುಬಿಡುವುದು. ಮಾತಾಡುವವನು ನಾನು, ಮೈಸೂರು ಕನ್ನಡ ನನ್ನದೇ ಆದ್ದರಿಂದ. ಎಡಪ್ಪಾಡಿ ಬಾಯಿ ಬಿಡಕೂಡದು; ಅವನ ಕನ್ನಡವೂ ಸೇಲಂನ ನೇಕಾರರ ಕನ್ನಡವೂ ಒಂದೇ, ಕೇಳಿದೊಡನೆ ಗುರುತು ಸಿಕ್ಕೀತು.

ಹೊತ್ತು ಮೂಡುವ ಮೊದಲೇ ನೇಕಾರರ ಬೀದಿಗೆ ಕಾಲಿಟ್ಟರೆ, ಬೀದಿಯ ಈ ತುದಿಯಿಂದ ಆ ತುದಿಗೆ ಹಸಿ ನೂಲು ಹಾಸಿದ್ದರು. ಕತ್ತರಿಗಾಲಿನ ಕೋಲುಗಳ ಮೇಲೆ ಸೊಂಟದೆತ್ತರಕ್ಕೆ ಬಿಗಿದ ಸಾವಿರಾರು ಎಳೆ. ಅವರು ಅದಕ್ಕೆ ಪಾವು ಎನ್ನುತ್ತಾರೆ. ಎರಡೂ ಮಗ್ಗುಲಲ್ಲಿ ಗಂಡಸರು ಗಂಜಿ ಹಚ್ಚಿ ಕುಂಚದಿಂದ ತೀಡುತ್ತಿದ್ದರು, ಹೆಂಗಸರು ಹರಿದ ಎಳೆಗಳನ್ನು ಹುಡುಕಿ ಕಟ್ಟುತ್ತಿದ್ದರು. ಬಿಸಿಲೇರುವುದರೊಳಗೆ ಮುಗಿಯದಿದ್ದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ಎಡಪ್ಪಾಡಿಯ ಅಪ್ಪ ಹೇಳಿದ್ದ ಗುರುತಿನಂತೆ ನಾವು ಹೋಗಬೇಕಾದ ಮನೆ ಆಚೆ ಮಗ್ಗುಲಲ್ಲಿತ್ತು. ಪಟ್ಟಿ ರೈತರ ಮಗ, ಬೇಲಿ ನುಸುಳಿ ರೂಢಿ. ಪಂಚೆ ಎತ್ತಿಕಟ್ಟಿ ಪಾವಿನ ಕೆಳಗೆ ತಲೆ ತೂರಿಸಿದ.

"ಲೇ, ಪಾವಿನ ಕೆಳಗೆ ನುಗ್ಗಬ್ಯಾಡ ಲಾ! ಎಳೆ ಓಗ್ತೈತೆ!"

ಕೂಗಿದವನು ಬಾಯಿ ಬಿಡಕೂಡದವನು. ಇಡೀ ಬೀದಿ ಕುಂಚ ನಿಲ್ಲಿಸಿ ನಮ್ಮ ಕಡೆ ತಿರುಗಿತು. ಮಜ್ಜಿಗೆ ಗಡಿಗೆಯ ಪಕ್ಕ ಜಗಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ, ಯಾವೂರ ಮಕ್ಕಳು ಎಂದು ಕೇಳಿದಳು. ಮೈಸೂರು ಎಂದೆ ನಾನು. "ಮೈಸೂರಲ್ಲೂ ಪಾವು ಅಂತಾರಾ?" ಎಂದಳು. ಅನ್ನುತ್ತಾರೆ ಎಂದು ನಾನು ನಮ್ಮ ಸೀಮೆಯ ಮೇಲೆ ಸುಳ್ಳು ಹೇಳಿದೆ. ಅಷ್ಟರಲ್ಲಿ ಪಟ್ಟಿಯ ತಲೆ ತಾಗಿದ ಕಡೆ ಹತ್ತಾರು ಎಳೆ ಹರಿದು ಜೋತಾಡುತ್ತಿದ್ದವು. ಹರಿದವರೇ ಕಟ್ಟಿ ಹೋಗಬೇಕು, ಅದು ಬೀದಿಯ ಕಾನೂನು ಎಂದಳು ಅಜ್ಜಿ.

ಪಟ್ಟಿಗೆ ಕಟ್ಟಲು ಬಾರದು, ನನಗೆ ನೋಡಲೂ ಬಾರದು. ಎಡಪ್ಪಾಡಿಯೇ ಮುಂದೆ ಬಂದ. ಎರಡು ತುದಿ ಹಿಡಿದು, ಬೆರಳಲ್ಲಿ ಹೊಸೆದು, ಮುಂದಿನದಕ್ಕೆ ಹೋದ. ಪುಸ್ತಕ ಹಿಡಿದಾಗ ಅಷ್ಟು ಮಂದವಾಗಿರುತ್ತಿದ್ದ ಬೆರಳುಗಳು ಅವೇ ಎಂದು ನಂಬಲಾಗಲಿಲ್ಲ. ನಮಗಿಬ್ಬರಿಗೆ ಗಂಜಿ ಕೊಡ ಹೊರುವ ಕೆಲಸ ಸಿಕ್ಕಿತು. ಹೊರುತ್ತಲೇ ಹುಡುಗಿ ಯಾರೆಂದು ಹುಡುಕಿದೆವು. ಎಳೆ ಕಟ್ಟುವವರಲ್ಲಿ ಹುಡುಗಿಯರೇ ನಾಲ್ವರು. ಮಲ್ಲಿಗೆ ಮುಡಿದವಳು ಎಂದು ಪಟ್ಟಿ; ಎತ್ತರದವಳು ಎಂದು ನಾನು. ಈ ಜಗಳದಲ್ಲಿ ನನ್ನ ಕೊಡದ ಗಂಜಿಯೆಲ್ಲ ಪಟ್ಟಿಯ ಹೊಸ ಅಂಗಿಯ ಮೇಲೆ ಬಿತ್ತು. ಬಿಸಿಲಿಗೆ ಅಂಗಿ ಹಲಗೆಯಂತೆ ಸೆಟೆದು ನಿಂತಿತು. ಕೈ ಮಡಚಲಾಗದೆ ಅವನು ಬೆದರುಬೊಂಬೆಯ ಹಾಗೆ ನಡೆಯುತ್ತಿದ್ದ. ಬೀದಿಯ ಹೆಂಗಸರು ಸೆರಗು ಕಚ್ಚಿ ನಕ್ಕರು.

ಎಡಪ್ಪಾಡಿಯ ಎದುರಿಗೆ, ಪಾವಿನ ಆಚೆ, ಗಿಡ್ಡಗೆ, ಕಪ್ಪಗೆ ಇದ್ದ ಒಬ್ಬ ಹುಡುಗಿ ಅವನ ಸರಿಸಮಕ್ಕೆ ಎಳೆ ಕಟ್ಟುತ್ತ ಬರುತ್ತಿದ್ದಳು. ನಾವು ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಾನು ಕೊಡ ಇಳಿಸುವಾಗ ಅವಳ ಮಾತು ಕಿವಿಗೆ ಬಿತ್ತು.

"ತುದಿ ಉದ್ದ ಬಿಟ್ರೆ ಮಗ್ಗದ ಅಣಿಗೇಲಿ ಸಿಕ್ಕಾಕ್ಕೊಳ್ಳತ್ತೆ. ಮೈಸೂರಲ್ಲಿ ಯಾರೂ ಏಳ್ಕೊಡ್ಲಿಲ್ವಾ?"

"ಏಳ್ಕೊಟ್ಟವ್ರೆ," ಎಂದ ಇವನು, ತಲೆ ಎತ್ತದೆ. "ಓದಕ್ ಸೇರಿದ್ಮೇಲೆ ಎರಡು ವರ್ಷ ಕೈ ನಿಂತೋಯ್ತು. ಗುಂಡಿಗೆ ಇಳಿದ್ರೆ ಬರತ್ತೆ."

ಅವಳ ಕೈ ಅರೆಗಳಿಗೆ ನಿಂತಿತು. ಮತ್ತೆ ಕಟ್ಟತೊಡಗಿದಳು.

ಕೆಲಸ ಮುಗಿದಾಗ ಅಜ್ಜಿ ನಮ್ಮನ್ನು ತನ್ನ ಮನೆಗೇ ಕರೆದಳು. ನಾವು ಹುಡುಕಿ ಬಂದದ್ದೂ ಅದೇ ಮನೆ! ಹೊಟ್ಟೆಯಲ್ಲಿ ಇಲಿ ಓಡುತ್ತಿತ್ತು. ಅವರು ಕಂಬು ಎನ್ನುವ ಸಜ್ಜೆ ಹಿಟ್ಟಿನ ಮುದ್ದೆ, ಹುರುಳಿ ಸಾರು. ವಾಸನೆಯಿಂದಲೇ ಎಡಪ್ಪಾಡಿಯ ಅಪ್ಪನ ದುಃಖ ನನಗೆ ಅರ್ಥವಾಯಿತು. ನಾನೂ ಪಟ್ಟಿಯೂ ಉಂಡೆವು. ಎಡಪ್ಪಾಡಿ ಗೋಡೆಗೆ ಒರಗಿ, ಹಸಿವಿಲ್ಲ ಎಂದ. ಅಜ್ಜಿ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟಳು. ಬೇಡ ಎಂದ. ಅದೇ ಹೊತ್ತಿಗೆ ಅವನ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುರುಗುಟ್ಟಿತು. ಅಜ್ಜಿ ಅವನನ್ನು ನೋಡುತ್ತ ನಿಂತಳು. ಬೆಳಗಿನಿಂದ ದುಡಿದ ಹುಡುಗ, ಮಜ್ಜಿಗೆಯನ್ನೂ ಮುಟ್ಟುವುದಿಲ್ಲ. ಅಂಥ ಹುಡುಗ ಆ ಮನೆಯ ಪಾಲಿಗೆ ಲೋಕದಲ್ಲಿ ಒಬ್ಬನೇ ಇದ್ದ. ಸಂಬಂಧ ಹೋಯಿತು ಎಂದುಕೊಂಡೆ.

ಒಳಬಾಗಿಲಿನಿಂದ ಆ ಗಿಡ್ಡ ಹುಡುಗಿ ಬಂದಳು. ಕೈಯಲ್ಲಿ ಹಿತ್ತಾಳೆ ಲೋಟ. ಅವನ ಮುಂದೆ ಇಟ್ಟು, ಅಜ್ಜಿಗೂ ಕೇಳುವಂತೆ ಹೇಳಿದಳು:

"ಪಾನಕ. ಉಪ್ಪು ಆಕಿಲ್ಲ. ಕುಡೀಬೌದು."

ಅವನು ತಲೆ ಎತ್ತಿ ನೋಡಿದ. ಅವಳೂ ನೋಡಿದಳು. ಒಂದೇ ಉಸಿರಿಗೆ ಕುಡಿದು ಲೋಟ ಖಾಲಿ ಮಾಡಿದ. ಅವಳು ಎತ್ತಿಕೊಂಡು ಹೋದಳು. ಅಜ್ಜಿ ಸೂರು ನೋಡುತ್ತ ವೀಳ್ಯದೆಲೆಯ ನಾರು ತೆಗೆಯುತ್ತಿದ್ದಳು. ಹೊರಡುವಾಗ ನನ್ನ ಭುಜ ತಟ್ಟಿ, ಮೈಸೂರಿನ ಮಕ್ಕಳು ಒಳ್ಳೆಯವರು, ಮುಂದಿನ ಸಲ ಹಿರಿಯರ ಜೊತೆ ಬನ್ನಿ ಎಂದಳು ಅಷ್ಟೆ.

ಮರಳಿ ಬರುವಾಗ ಚಿಕ್ಕ ರೈಲಿನಲ್ಲಿ ಎಡಪ್ಪಾಡಿ ಮೊರಪ್ಪೂರಿನಲ್ಲಿ ಕೊಂಡ ಕಡಲೆಕಾಯಿಯನ್ನು ಒಬ್ಬನೇ ತಿಂದು ಮುಗಿಸಿದ, ಸಿಪ್ಪೆಯನ್ನು ನಮ್ಮ ತಲೆಗೆ ಎರಚಿದ, ಟಾಕಿಯ ರಾಜನ ಹಾಡನ್ನು ತಪ್ಪು ತಪ್ಪಾಗಿ ಹಾಡಿದ. ಮಾತು ಕಡಿಮೆಯವನೆಂದು ನಾವಂದುಕೊಂಡವನು ಬಾಯಿ ಮುಚ್ಚಲೇ ಇಲ್ಲ. ಸೆಟೆದ ಅಂಗಿಯಲ್ಲಿ ಬಾಗಲಾಗದೆ ಕೂತ ಪಟ್ಟಿ, "ಅದೆಲ್ಲ ಇರ್ಲಿ ಲಾ, ಮಲ್ಲಿಗೆ ಮುಡಿದೋಳೇ ತಾನೆ ಉಡುಗಿ?" ಎಂದು ಕೇಳಿದ. ನಾವಿಬ್ಬರೂ ನಕ್ಕ ನಗೆಗೆ ಗಾರ್ಡು ಬಂದು ಇಣುಕಿದ.

ಮುಂದಿನ ಹುಣ್ಣಿಮೆಯ ಮಾರನೆಯ ದಿನ ತಾಂಬೂಲ ಬದಲಾಯಿತು, ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ. ಊಟಕ್ಕೆ ಕೂತಾಗ ನಾನೂ ಪಟ್ಟಿಯೂ ಮದುಮಗನ ಪಕ್ಕದಲ್ಲೇ ಇದ್ದೆವು. ಬಡಿಸುವವರನ್ನು ಸರಿಸಿ ಅಜ್ಜಿಯೇ ಬಂದಳು, ಅವನ ಎಲೆಯ ತುದಿಗೆ ಉಪ್ಪು ಹಾಕಿದಳು, ಮೂರು ಮಂದಿಗೆ ಸಾಕಾಗುವಷ್ಟು.

"ಏನಪ್ಪಾ ಮೈಸೂರು," ಎಂದಳು ಎಡಪ್ಪಾಡಿಯವನಿಗೆ, "ಈಗ ಅಸಿವು ಐತಾ?"