ಆಯಿಯ ತಣ್ಣೀರ ಜಳಕ

ಆ ಚಳಿಗಾಲ ಕರೆಂಟಿನ ಅಭಾವ ಬಂದಾಗ ಮನೆಮನೆಗೆ ಹೋಗಿ ತಿಳಿಹೇಳುವ ಕೆಲಸ ಸೇಡಂನ ಶಿಕ್ಷಕಿಯರಾದ ನಮ್ಮ ಕೊರಳಿಗೆ ಬಿತ್ತು. ನಸುಕಿನ ಐದರಿಂದ ಒಂಬತ್ತರವರೆಗೆ ಗೀಜರು, ನೀರು ಕಾಯಿಸುವ ಕಾಯಿಲ್ ಹಚ್ಚಬಾರದು, ಇಷ್ಟೇ ಮಾತು. ಉಪದೇಶವೆಂದರೆ ನನಗೆ ಮೊದಲಿಂದಲೂ ಹುರುಪು. ಕರಪತ್ರ ಹಿಡಿದು ಓಣಿಯೆಲ್ಲ ಸುತ್ತಿದೆ. ಎಲ್ಲರೂ ನನ್ನೆದುರು ತಲೆಯಾಡಿಸಿ, ನಾನು ಬೆನ್ನು ತಿರುಗಿಸಿದ ಕೂಡಲೇ ಸ್ವಿಚ್ ಒತ್ತುವವರೇ. ನನಗೆ ಭಾರಿ ಸಿಟ್ಟು.

ಎದುರುಮನೆಯ ಆಯಿ ಹಾಗಲ್ಲ. ಎಪ್ಪತ್ತು ದಾಟಿದ ಜೀವ. ಮೊದಲು ತೊಗರಿ ಕಟ್ಟಿಗೆಯ ಒಲೆಯಲ್ಲಿ ನೀರು ಕಾಯಿಸುತ್ತಿದ್ದರು. ಹೊಗೆಗೆ ಕೆಮ್ಮು ಬರುತ್ತದೆಂದು ಒಲೆ ತೆಗೆಸಿ ಕಾಯಿಲ್ ತಂದುಕೊಟ್ಟವಳೂ ನಾನೇ. ಗ್ಯಾಸಿನ ಮೇಲಿಂದ ನೀರಿನ ಪಾತ್ರೆ ಇಳಿಸುವ ಕಸುವು ಅವರ ಕೈಗಿರಲಿಲ್ಲ. ಮಗ, ಸೊಸೆ ನಸುಕಿನಲ್ಲೇ ವಾಡಿ ಊರಿಗೆ ಕೆಲಸಕ್ಕೆ ಹೋಗುತ್ತಿದ್ದರು.

"ಕಾಯಿಲ್ ಬಂದ್ ಇಡ್ರಿ ಆಯಿ. ಬಿಸಲು ಏರಿದ ಮ್ಯಾಲ ಜಳಕ ಮಾಡ್ರಿ," ಎಂದೆ.

"ಆಯ್ತು ಬಿಡವ್ವಾ. ಊರಿಗಿ ಹ್ಯಾಂಗೋ ನನಗೂ ಹಂಗ."

ಜಳಕ ಮಾಡಿ, ಇಷ್ಟಲಿಂಗ ಪೂಜೆ ಮುಗಿಸದೆ ಆಯಿ ಗುಟುಕು ನೀರೂ ಕುಡಿಯುವವರಲ್ಲ. ಪೂಜೆ ಹೊತ್ತು ಮೂಡುವಷ್ಟರಲ್ಲಿ ಆಗಲೇಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು, ನಮ್ಮವ್ವನೂ ಹಾಗೇ ಇದ್ದಳು. ಮಾತಿನ ಭರದಲ್ಲಿ ನೆನಪಾಗಲಿಲ್ಲ.

ವಾರದೊಳಗೆ ಆಯಿಯ ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಳ್ಳತೊಡಗಿತು. ಸೊಸೆ ಅಳುತ್ತ ಬಂದು ಹೇಳಿದಳು: "ದಿನಾ ತಣ್ಣೀರೇ ಹೊಯ್ಕೊಂಡಾರ್ರಿ. ಯಾಕಂತ ಕೇಳಿದ್ರ, ಟೀಚರಿಗಿ ಮಾತು ಕೊಟ್ಟೀನಿ ಅಂದ್ರು."

ಅದೇ ವಾರ ಎರಡು ದಿನ, ಶಾಲೆಗೆ ತಡವಾಯಿತೆಂದು, ಬೆಳಿಗ್ಗೆ ಏಳಕ್ಕೇ ನಾನು ಗೀಜರು ಹಚ್ಚಿದ್ದೆ.

ಕಲಬುರಗಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಆಯಿಯ ಜೀವ ತೂಗಾಡಿತು. ಆ ನಾಲ್ಕು ದಿನ ನನಗೆ ಅನ್ನ ಇಳಿಯಲಿಲ್ಲ. ಐದನೆಯ ದಿನ ಮೂಗಿನ ನಳಿಕೆ ತೆಗೆದರು, ಗಂಡಾಂತರ ಕಳೆಯಿತೆಂದರು. ಹಾಸಿಗೆಯ ಪಕ್ಕ ಕೂತ ನನ್ನ ಕೈ ಮುಟ್ಟಿ ನೋಡಿ ಆಯಿ ಕೇಳಿದರು: "ಕೈ ಎಷ್ಟು ತಂಪಗ ಅದ! ನೀನೂ ತಣ್ಣೀರೇ ಹೊಯ್ಕೊಳ್ಳಾಕತ್ತೀಯೇನು?"

"ಹೂಂ ಆಯಿ," ಎಂದು ಸುಳ್ಳು ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಯಿ ನನ್ನ ಕೈಯನ್ನು ತಮ್ಮ ಕೌದಿಯೊಳಗೆ ಎಳೆದುಕೊಂಡರು.

"ಬ್ಯಾಡವ್ವಾ. ಸಾಲಿಗಿ ಹೋಗೋಕಿ, ನೀ ಬಿಸಿನೀರ ಕಾಸ್ಕೋ. ನನ್ನ ಕಾಯಿಲ್ ಬಂದ್ ಇಟ್ಟೀನಲ್ಲಾ, ಆ ಕರೆಂಟಿನಾಗ ನಿಂದು ನಡೀತದ."